ಪೂಜೆಗೆ ಇಡದ ಫ್ಲಾಪಿ

ಅಸ್ಮತ್‌ಳನ್ನು ಕನಕರಾಯ ಮೊದಲು ನೋಡಿದ್ದು ೧೯೮೮ರ ಜೂನ್ ತಿಂಗಳ ಒಂದು ಸೋಮವಾರ. ರಾಯಚೂರಿನ ತೀನ್ ಕಂದೀಲ್ ಹತ್ತಿರ, ಒಂದು ಕಿರಾಣಿ ಅಂಗಡಿಯ ಮೇಲ್ಮಹಡಿಯಲ್ಲಿ ಸತ್ತಾರ್ ಸಾಬರ ಟೈಪಿಂಗ್ ಶಾಲೆ ಇತ್ತು. ಹಿಂದಿನ ವರ್ಷ ಅವರು ಅದರ ಒಂದು ಮೂಲೆಗೆ ಪ್ಲೈವುಡ್ಡಿನ ಅಡ್ಡಗೋಡೆ ಹೊಡೆಸಿ, ಗಾಜಿನ ಬಾಗಿಲು ಕೂಡಿಸಿ, ಒಳಗೆ ಒಂದು ಕಂಪ್ಯೂಟರ್ ಇಟ್ಟಿದ್ದರು. ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಹಾಗಾಗಿ ಬಾಗಿಲ ಹೊರಗೆ ಯಾವಾಗಲೂ ಒಂದೇ ಜೊತೆ ಚಪ್ಪಲಿ ಕಾಣುತ್ತಿತ್ತು. ಅದು ಕನಕರಾಯನದು.

ಆ ದಿನ ಅವನು ಪರದೆಯ ಮೇಲೆ ನಕ್ಷತ್ರ ಚಿಹ್ನೆಗಳನ್ನು ಸಾಲಾಗಿ ಜೋಡಿಸಿ ಒಂದು ಚೌಕ ಮಾಡುತ್ತಿದ್ದ. ಬಾಗಿಲು ಸರಿದ ಸದ್ದಾಯಿತು. ಕರಿ ಬುರ್ಖಾದ ಮುಖಪರದೆಯನ್ನು ಹಿಂದಕ್ಕೆ ಹಾಕಿಕೊಂಡ ತೆಳ್ಳನೆಯ ಹುಡುಗಿಯೊಬ್ಬಳು ಬಂದು ನಿಂತಿದ್ದಳು. ಮುಂಗೈ ತುಂಬ ಹಸಿರು ಗಾಜಿನ ಬಳೆ. ಎದೆಗೆ ಒತ್ತಿ ಹಿಡಿದ ಒಂದು ರಟ್ಟಿನ ಲಕೋಟೆ. ಹಿಂದೆ ಸತ್ತಾರ್ ಸಾಬರು ನಿಂತು, "ಕನಕರಾಯಾ, ಈಕಿ ಅಸ್ಮತ್ ಅಂತ. ಮಾನ್ವಿಯಾಕಿ. ಬಿ.ಎಸ್ಸಿ. ಆಗ್ಯದ, ಹೈದರಾಬಾದಿನಾಗ ಮಾಮಾನ ಕಂಪ್ಯೂಟರ್ ಅಂಗಡ್ಯಾಗ ಒಂದು ವರ್ಷ ಕಲ್ತು ಬಂದಾಳ. ಸ್ವಲ್ಪ ಜಾಗ ಬಿಡು," ಎಂದರು.

ಅವನು ಎದ್ದು ನಿಂತ. ಅವಳು ಕುರ್ಚಿಯ ತುದಿಯಲ್ಲಿ ಕುಳಿತು, "ಇದರ ಸ್ಕ್ರೀನ್ ಕಾರ್ಡ್ ಯಾವುದ್ರೀ ಅಣ್ಣಾರ? ಹರ್ಕ್ಯುಲಿಸಾ?" ಎಂದು ಕೇಳಿದಳು.

ಎಂಟು ತಿಂಗಳಿಂದ ಆ ಯಂತ್ರದ ಮುಂದೆ ಕುಳಿತವನು ಅವನೇ. ಪುಸ್ತಕ ನೋಡಿ, ಕಂಪ್ಯೂಟರಿಗೆ ಆಜ್ಞೆ ಬರೆಯುವ ಪಾಸ್ಕಲ್ ಭಾಷೆಯನ್ನು ಅಕ್ಷರ ಅಕ್ಷರವಾಗಿ ಕಲಿತವನೂ ಅವನೇ. ಆದರೆ ಪರದೆಗೆ ಬೇರೆ ಕಾರ್ಡ್ ಇರುತ್ತದೆ, ಅದಕ್ಕೊಂದು ಹೆಸರು ಇರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. "ಒಳಗ ಇರ್ಬಹುದು," ಎಂದ. ಅವಳು ನಗಲಿಲ್ಲ. ನಕ್ಕಿದ್ದರೆ ಅವನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ.

ಲಕೋಟೆಯಿಂದ ಒಂದು ಫ್ಲಾಪಿ ತೆಗೆದು ಹಾಕಿದಳು. ಏನೋ ನಾಲ್ಕು ಸಾಲು ಬರೆದಳು. ಪರದೆ ಒಂದು ಗಳಿಗೆ ಕಪ್ಪಾಗಿ, ನಡುವೆ ಒಂದು ಗುಂಡನೆಯ ಹಳದಿ ವೃತ್ತ ಮೂಡಿತು. ನಕ್ಷತ್ರಗಳನ್ನು ಜೋಡಿಸಿದ ಹಲ್ಲು ಹಲ್ಲು ಗೆರೆಯಲ್ಲ, ತೊಳೆದ ತಾಟಿನ ಅಂಚಿನಂಥ ಗೆರೆ. ಆಮೇಲೆ ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು.

"ಶಾಬಾಸ್ ಬೇಟಿ," ಎಂದರು ಸತ್ತಾರ್ ಸಾಬರು.

ಆ ಮಾತು ಕನಕರಾಯನ ಎದೆಯಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ಎಂಟು ತಿಂಗಳಲ್ಲಿ ಅವರು ಅವನಿಗೆ ಚಹಾ ಕುಡಿಸಿದ್ದರು, ರಂಜಾನಿನಲ್ಲಿ ಸುರಕುಂಬಾ ಕೊಟ್ಟಿದ್ದರು, ಜ್ವರ ಬಂದಾಗ ದವಾಖಾನೆಗೂ ಕರೆದುಕೊಂಡು ಹೋಗಿದ್ದರು. ಶಾಬಾಸ್ ಅಂದಿರಲಿಲ್ಲ. ಸಂಜೆ ಹೊರಗೆ ಬಂದಾಗ ತನ್ನ ಚಪ್ಪಲಿಯ ಪಕ್ಕ ಇನ್ನೊಂದು ಜೊತೆ ಇದ್ದದ್ದು ಕಂಡಿತು. ತನ್ನದನ್ನು ಕಾಲಿನಿಂದಲೇ ಸ್ವಲ್ಪ ಆಚೆ ಸರಿಸಿ ಹಾಕಿಕೊಂಡ.

ಕನಕರಾಯ ದೇವದುರ್ಗದ ಕಡೆಯವನು. ಕುರಿ ಕಾಯುವ ಮನೆತನದಲ್ಲಿ ಬಿ.ಎಸ್ಸಿ. ಮುಗಿಸಿದವನು ಅವನೊಬ್ಬನೇ. ರಾಯಚೂರಿಗೆ ಓದಲು ಬಂದವನು ಸತ್ತಾರ್ ಸಾಬರಲ್ಲಿ ಟೈಪಿಂಗ್ ಸೀನಿಯರ್ ಪಾಸು ಮಾಡಿ, ಅಲ್ಲೇ ಕಲಿಸಲು ನಿಂತಿದ್ದ. ಕಂಪ್ಯೂಟರ್ ಬಂದ ಮೇಲೆ ತನಗೊಂದು ದಾರಿ ತೆರೆಯಿತು ಎಂದುಕೊಂಡಿದ್ದ. ಆ ದಾರಿಯಲ್ಲಿ ಇನ್ನೊಬ್ಬರು ಬರಬಹುದೆಂದು ಅವನು ಎಣಿಸಿರಲಿಲ್ಲ.

ಅಸ್ಮತ್‌ಳ ತಾಯಿ ಬಡೇಬೀ ಮಾನ್ವಿಯಲ್ಲಿ ಬಳೆ ಮಾರುವಾಕೆ. ಮಗಳು ದಿನಾ ಬೆಳಿಗ್ಗೆ ಮಾನ್ವಿಯಿಂದ ನೀರಮಾನ್ವಿ, ಕಲ್ಮಲ ದಾಟಿ ಬರುವ ಬಸ್ಸಿನಲ್ಲಿ ಬಂದು, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಬುತ್ತಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ. ಅದನ್ನೂ ಕನಕರಾಯ ಗಮನಿಸಿದ್ದ. ತನ್ನದೂ ಅದೇ ಊಟ. ಹೈದರಾಬಾದಿನಿಂದ ಬಂದ ಸಾಹುಕಾರರ ಮಗಳಾಗಿದ್ದರೆ ಹೊಟ್ಟೆಕಿಚ್ಚಿಗೆ ಒಂದು ನೆಪವಾದರೂ ಸಿಗುತ್ತಿತ್ತು.

ಅವಳ ಫ್ಲಾಪಿಯಲ್ಲಿದ್ದದ್ದು ಗ್ರಾಫಿಕ್ಸ್ ಟೂಲ್‌ಕಿಟ್. ಗೆರೆ ಎಳೆಯಲು, ವೃತ್ತ ಬರೆಯಲು, ಪಟ್ಟಿ ತುಂಬಲು ಬೇಕಾದ, ಮೊದಲೇ ಸಿದ್ಧಮಾಡಿಟ್ಟ ಸಣ್ಣ ಸಣ್ಣ ತುಣುಕುಗಳು. ಪಾಸ್ಕಲ್‌ನಲ್ಲಿ ಪ್ರೋಗ್ರಾಂ ಬರೆದು, ಆ ತುಣುಕುಗಳನ್ನು ಹೆಸರು ಹಿಡಿದು ಕರೆದರೆ ಸಾಕು, ಚಿತ್ರ ಮೂಡುತ್ತಿತ್ತು. ಭಾಷೆ ಕನಕರಾಯನದು, ಚಿತ್ರ ಅಸ್ಮತ್‌ಳದು ಎಂದು ಸತ್ತಾರ್ ಸಾಬರು ಕೆಲಸ ಹಂಚಿದರು. ಪಾಸ್ಕಲ್ ಅವಳಿಗೂ ಸಾಕಷ್ಟು ಬರುತ್ತಿತ್ತು ಎಂಬುದು ಕನಕರಾಯನಿಗೆ ಗೊತ್ತಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಆಗಸ್ಟಿನಲ್ಲಿ ಒಂದು ಸುದ್ದಿ ಬಂತು. ಗಂಜ್ ಎಂದು ಕರೆಯುವ ಊರ ಮಾರುಕಟ್ಟೆಯ ಹತ್ತಿ ವರ್ತಕರ ಸಂಘದವರು ಕಂಪ್ಯೂಟರ್ ಕೊಳ್ಳುವ ವಿಚಾರದಲ್ಲಿದ್ದರು. ಹತ್ತಿಯ ಆವಕ, ಧಾರಣೆ ಎಲ್ಲ ಯಂತ್ರದಲ್ಲಿ ಹೇಗೆ ಕಾಣುತ್ತದೆ, ಸುಗ್ಗಿಯೊಳಗೆ ಒಮ್ಮೆ ತೋರಿಸಿರಿ ಎಂದು ಸತ್ತಾರ್ ಸಾಬರನ್ನು ಕೇಳಿದ್ದರು.

"ಮನಸಿಗೆ ಬಂತಂದ್ರ ಮಶಿನ್ ತಗೋತಾರ," ಎಂದರು ಸತ್ತಾರ್ ಸಾಬರು. "ಮಶಿನ್ ಸಂಗಡ ಒಬ್ರನ್ನ ಕಾಯಂ ನೌಕರಿಗಿ ಇಟ್ಕೋತಾರ. ಒಬ್ರನ್ನ ಅಷ್ಟ. ಯಾರು ಅಂತ ಅವ್ರೇ ನೋಡಿ ಹೇಳ್ತಾರ, ನಾ ನಡುವ ಬರಂಗಿಲ್ಲ."

ಆ ಕ್ಷಣದಿಂದ ಕನಕರಾಯನ ಮಾತ್ಸರ್ಯಕ್ಕೆ ಒಂದು ಆಕಾರ ಬಂತು. ಅದು ಸಂಘದ ಕಚೇರಿಯಲ್ಲಿ ಹಾಕಲಿರುವ ಒಂದೇ ಒಂದು ಕುರ್ಚಿಯ ಆಕಾರ.

ಅವನು ಆವಕ ಮತ್ತು ಧಾರಣೆಯ ಪ್ರೋಗ್ರಾಂ ಬರೆಯತೊಡಗಿದ. ಹಿಂದಿನ ಸುಗ್ಗಿಯ ಜಯಧರ, ವರಲಕ್ಷ್ಮಿ ಹತ್ತಿಯ ಅಂಕಿಗಳನ್ನೆಲ್ಲ ಗಂಜಿಗೆ ಹೋಗಿ ಬರೆದುಕೊಂಡು ಬಂದು ಒಂದೊಂದಾಗಿ ತುಂಬಿದ. ಅಸ್ಮತ್ ಒಳಗೆ ಬಂದರೆ ಪರದೆಯ ಬೆಳಕು ಕಡಿಮೆ ಮಾಡುತ್ತಿದ್ದ. ತನ್ನ ಪ್ರೋಗ್ರಾಮಿನ ಫ್ಲಾಪಿಯನ್ನು ಬೀರುವಿನಲ್ಲಿ ಇಡದೆ, ಬಗಲಚೀಲದಲ್ಲೇ ಹಾಕಿಕೊಂಡು ಕೋಣೆಗೆ ಒಯ್ಯುತ್ತಿದ್ದ.

ಒಂದು ದಿನ ಅವಳು ಕೇಳಿದಳು. "ಅಣ್ಣಾರ, ನಿಮ್ಮ ಪ್ರೋಗ್ರಾಂ ಒಂದ್ಸಲ ಕೊಡ್ರಿ. ನನ್ನ ಚಿತ್ರ ಅದರೊಳಗ ಕೂಡಿಸ್ತೀನಿ. ಸಾಬರಿಗಿ ಎಲ್ಲಾ ಒಂದ್ರಾಗೇ ಬೇಕಂತ."

"ಇನ್ನಾ ಮುಗಿದಿಲ್ರೀ. ದಸರಾ ಆದ ಮ್ಯಾಲ ನೋಡೂಣು."

"ಅಲ್ಲೀ ತನಕ ನಾ ಏನ್ ಮಾಡ್ಲಿ?"

"ಏನರೆ ಮಾಡ್ರಿ. ನಿಮಗ ಬರಲಾರದ್ದು ಏನದ."

ಅವಳು ಬಳೆ ತಿರುಗಿಸಿಕೊಳ್ಳುತ್ತ ಹೇಳಿದಳು: "ಹಂಗಾದ್ರ ಅಂಕಿ ಅಷ್ಟ ಒಂದು ಸಾದಾ ಫೈಲಿನ್ಯಾಗ ಬರೀಲಿ ನಿಮ್ಮ ಪ್ರೋಗ್ರಾಂ. ನಾನು ಬ್ಯಾರೆ ಪ್ರೋಗ್ರಾಂ ಮಾಡಿ ಆ ಫೈಲ್ ಓದ್ಕೊಂಡು ಚಿತ್ರ ತಗೀತೀನಿ. ಕೂಡ್ಸೂದು ಆಮ್ಯಾಲ ಕೂಡ್ಸೂಣು."

ಅವನು ಸಂತೋಷದಿಂದ ಒಪ್ಪಿದ. ಅಂಕಿ ಕೊಟ್ಟರೆ ಏನು ಹೋಯಿತು, ಗುಟ್ಟು ತನ್ನಲ್ಲೇ ಉಳಿಯಿತಲ್ಲ. ಫ್ಲಾಪಿ ಹಾಕುವ ಎರಡನೆಯ ಡ್ರೈವಿನಲ್ಲಿ ಒಂದು ಖಾಲಿ ಫ್ಲಾಪಿ ಇಟ್ಟು, ಒಂದು ಗುಂಡಿ ಒತ್ತಿದರೆ ಅಂಕಿಗಳನ್ನು ಅದರ ಮೇಲಿನ ಫೈಲಿಗೆ ಬರೆಯುವಂತೆ ಮಾಡಿಕೊಟ್ಟ. ಅವಳು ವಾರದೊಳಗೆ ತನ್ನ ಚಿತ್ರದ ಪ್ರೋಗ್ರಾಂ ಕಟ್ಟಿ ಮುಗಿಸಿ, ಟೂಲ್‌ಕಿಟ್ಟಿನ ಫ್ಲಾಪಿಯಲ್ಲೇ ಇಟ್ಟಳು.

ದಸರೆ ಬಂತು. ಸತ್ತಾರ್ ಸಾಬರ ಶಾಲೆಯಲ್ಲಿ ಆಯುಧಪೂಜೆ ಟೈಪಿಂಗ್ ಯಂತ್ರಗಳಷ್ಟೇ ಹಳೆಯದು. "ಅನ್ನ ಕೊಡೂ ಮಶಿನ್, ಪೂಜಿ ಬ್ಯಾಡ ಅನ್ನಾಕ ನಾ ಯಾರು," ಎಂದು ತೆಂಗಿನಕಾಯಿ ಅವರೇ ತರುತ್ತಿದ್ದರು. ಕಸ ಹೊಡೆಯುವ ಹುಲಗೆಮ್ಮ ಚೆಂಡುಹೂವಿನ ಸರ ತರುತ್ತಿದ್ದಳು. ವಿಭೂತಿ, ಕುಂಕುಮ ಹಚ್ಚುವ ಕೆಲಸ ಕನಕರಾಯನದು. ಅಸ್ಮತ್ ರಜೆಗೆಂದು ಮಾನ್ವಿಯಲ್ಲೇ ಉಳಿದಿದ್ದಳು.

ಟೈಪಿಂಗ್ ಯಂತ್ರಗಳಿಗೆಲ್ಲ ಆದ ಮೇಲೆ ಕಂಪ್ಯೂಟರಿನ ಸರದಿ. ಕನಕರಾಯ ಅದರ ಮುಂದೆ ಒಂದು ಹಿತ್ತಾಳೆ ತಾಟು ಇಟ್ಟ. ಯಂತ್ರ ಬರೀ ದೇಹ, ಜೀವ ಇರುವುದು ಭಾಷೆಯಲ್ಲಿ ಎಂದು ಅವನ ನಂಬಿಕೆ. ಆ ಯಂತ್ರದೊಳಗೆ ಏನೂ ಉಳಿಯುತ್ತಿರಲಿಲ್ಲ. ಪಾಸ್ಕಲ್ ಇದ್ದದ್ದು ಫ್ಲಾಪಿಯಲ್ಲಿ. ಅವನು ಪಾಸ್ಕಲ್‌ನ ಅಸಲು ಫ್ಲಾಪಿಯನ್ನೂ, ಜೋಪಾನಕ್ಕೆಂದು ಮಾಡಿಟ್ಟಿದ್ದ ನಕಲನ್ನೂ ಹೊದಿಕೆಯಿಂದ ತೆಗೆದು ತಾಟಿನಲ್ಲಿ ಜೊತೆಯಾಗಿ ಮಲಗಿಸಿದ.

ಹುಲಗೆಮ್ಮ ಬೀರುವಿನೊಳಗೆ ಇಣುಕಿ, "ಯಪ್ಪಾ, ಆ ಅಸ್ಮತ್ ಬಾಯಾರ್ದು ಒಂದು ಇಲ್ಲಿ ಉಳದದಲ್ಲ. ಅದನೂ ಇಡು," ಎಂದಳು.

"ಮಂದೀದು ಕೇಳಲಾರ್ದ ಮುಟ್ಟಬಾರ್ದು, ಯವ್ವಾ."

"ಪೂಜಿಗಿ ಏನ್ ಕೇಳೂದು ಯಪ್ಪಾ? ಹೊಟ್ಟಿಕಿಚ್ಚಿಗಿ ಹೂವಿನ ಸರ ಬ್ಯಾರೆ ಕೇಡು," ಎಂದು ಗೊಣಗಿ ಅವಳು ಬೀರು ಮುಚ್ಚಿದಳು.

ಕನಕರಾಯ ಎರಡೂ ಫ್ಲಾಪಿಗಳಿಗೆ ಮೂರು ಬೆರಳಿನಿಂದ ವಿಭೂತಿ ಎಳೆದ. ನಡುವೆ ಕುಂಕುಮ ಇಟ್ಟ. ಅಕ್ಷತೆ ಹಾಕಿದ. ಕಾಯಿ ಒಡೆದು ನೀರು ಚಿಮುಕಿಸಿದ. ಆ ಫ್ಲಾಪಿಗಳ ಮೈಯಲ್ಲಿ ಒಂದು ಉದ್ದನೆಯ ಕಿಂಡಿ ಇರುತ್ತದೆ, ಅದರೊಳಗೆ ಕಾಣುವ ಕಂದು ತಟ್ಟೆಯ ಮೇಲೇ ಎಲ್ಲ ಬರಹ ಇರುತ್ತದೆ. ಅದನ್ನು ಬೆರಳಿನಿಂದಲೂ ಮುಟ್ಟಬಾರದು ಎಂದು ಅವನೇ ಹುಡುಗರಿಗೆ ಪಾಠ ಹೇಳುತ್ತಿದ್ದ. ಆ ದಿನ ಅದು ನೆನಪಾಗಲಿಲ್ಲ. ಟೈಪಿಂಗ್ ಯಂತ್ರ ಎಷ್ಟೋ ವರ್ಷ ಕುಂಕುಮ ಉಂಡು ಸುಖವಾಗಿತ್ತು. ಇದೂ ಹಾಗೇ ಎಂದು ಕೈ ತಾನೇ ಮಾಡಿಬಿಟ್ಟಿತ್ತು.

ಹಬ್ಬ ಕಳೆದು ಫ್ಲಾಪಿ ಹಾಕಿದಾಗ ಯಂತ್ರ ಕರಕರ ಎಂದಿತು. ಓದಲು ಬರುವುದಿಲ್ಲ ಎಂದಿತು. ನಕಲನ್ನು ಹಾಕಿದರೂ ಅದೇ. ಸತ್ತಾರ್ ಸಾಬರು ಫ್ಲಾಪಿಯನ್ನು ಬೆಳಕಿಗೆ ಹಿಡಿದು ಕಿಂಡಿಯಲ್ಲಿ ಅಂಟಿದ ಕೆಂಪು ನೋಡಿದರು. "ದೇವ್ರಿಗಿ ಪಾಸ್ಕಲ್ ಕಲಿಬೇಕಾಗಿತ್ತೇನೋ, ಒಯ್ದ," ಎಂದರು. ತನ್ನ ಫ್ಲಾಪಿ ಮಾತ್ರ ಬೀರುವಿನಲ್ಲಿ ಯಾಕೆ ಉಳಿಯಿತು ಎಂದು ಅಸ್ಮತ್ ಕೇಳಲಿಲ್ಲ. ಅವಳು ಕೇಳದೆ ಇದ್ದದ್ದನ್ನೇ ಕನಕರಾಯ ಸೊಕ್ಕು ಎಂದು ತಿಳಿದ.

ಹೈದರಾಬಾದಿಗೆ ಹೇಳಿ ಕಳಿಸಿದರು. ಅವಳ ಮಾಮಾನ ಅಂಗಡಿಯಲ್ಲಿ ಆ ಹಳೆಯ ಪಾಸ್ಕಲ್ ಈಗ ಇರಲಿಲ್ಲ. ಅದರ ಹೊಸ ಆವೃತ್ತಿ ಬಂದಿತ್ತು. ಹೊಸದನ್ನೇ ಕಳಿಸಿದರು. ಕನಕರಾಯ ತನ್ನ ಚೀಲದಿಂದ ಪ್ರೋಗ್ರಾಂ ತೆಗೆದು ಹೊಸ ಪಾಸ್ಕಲ್‌ಗೆ ಕೊಟ್ಟ. ಅದು ತಕರಾರಿಲ್ಲದೆ ಓಡಿತು, ಮೊದಲಿಗಿಂತ ಚುರುಕಾಗಿ.

ಆಗ ಅಸ್ಮತ್ ತನ್ನ ಟೂಲ್‌ಕಿಟ್ ಕೂಡಿಸಲು ಕುಳಿತಳು. ಹೊಸ ಪಾಸ್ಕಲ್ ಮೊದಲ ತುಣುಕಿನ ಹೆಸರು ಕಂಡ ಕೂಡಲೇ ನಿಂತಿತು. ಈ ಫೈಲಿನ ಮಾದರಿ ನನ್ನದಲ್ಲ ಎಂಬ ಅರ್ಥದ ಒಂದು ಸಾಲು ತೋರಿಸಿತು. ಅವಳು ಹೆಸರು ಬದಲಿಸಿ ನೋಡಿದಳು, ಬೇರೆ ತುಣುಕು ಕೊಟ್ಟು ನೋಡಿದಳು. ಮತ್ತೆ ಅದೇ ಸಾಲು. ಆ ತುಣುಕುಗಳು ಹಳೆಯ ಪಾಸ್ಕಲ್‌ಗೆಂದೇ ಸಿದ್ಧವಾದವು. ಅವುಗಳ ಮೂಲ ಬರಹ ಮಾಮಾನ ಬಳಿಯೂ ಇರಲಿಲ್ಲ, ಹಾಗಾಗಿ ಹೊಸದಾಗಿ ಸಿದ್ಧಮಾಡುವ ದಾರಿಯೂ ಇಲ್ಲ.

"ಗಾಜಿನ ಬಳಿ ಇದ್ದಂಗ ಅದ ಇದು," ಎಂದಳು ಅವಳು. "ಅಳತಿ ತಪ್ಪಿದ್ರ ಒಡೀತದ, ಹಿಗ್ಗಂಗಿಲ್ಲ. ಅಮ್ಮಾ ದಿನಾ ಇದ ಹೇಳ್ತಾಳ ಗಿರಾಕಿಗೆ."

ಕನಕರಾಯ ಮುಖವನ್ನು ಗಂಭೀರ ಮಾಡಿಕೊಂಡ. ಒಳಗೆ ಹಬ್ಬ.

ದೀಪಾವಳಿಗೆ ಊರಿಗೆ ಹೋದಾಗ ಆ ಹಬ್ಬ ಇನ್ನೂ ಮುಗಿದಿರಲಿಲ್ಲ. ಅವನ ತಾಯಿ ಕರೆಮ್ಮ ಹಟ್ಟಿಯಲ್ಲಿ ಒಂದು ತಬ್ಬಲಿ ಮರಿಯನ್ನು ಬೇರೆ ಕುರಿಯ ಕೆಚ್ಚಲಿಗೆ ಹಿಡಿಯುತ್ತಿದ್ದಳು. ಕುರಿ ಮೂಸಿ ನೋಡಿ ಒದೆಯಿತು. ಮತ್ತೆ ಹಿಡಿದಳು, ಮತ್ತೆ ಒದೆಯಿತು. ಕನಕರಾಯ ನಗತೊಡಗಿದ.

"ಯಾಕ್ಲೇ ನಗ್ತಿ? ಮರಿ ಸಾಯಾಕತ್ತದ."

"ನಮ್ಮಲ್ಲೂ ಹಿಂಗ ಆಗ್ಯದಬೇ. ನಮ್ಮ ಹೊಸ ಭಾಷಾ ಆಕಿ ಸಾಮಾನು ಮೂಸಿ ನೋಡಿ ಒದ್ದಬಿಡ್ತು." ಅವನು ಮಾನ್ವಿಯ ಹುಡುಗಿಯ ಕತೆಯನ್ನೆಲ್ಲ ಹೇಳಿದ. ಶಾಬಾಸ್ ಅಂದದ್ದನ್ನೂ ಬಿಡಲಿಲ್ಲ.

ಕರೆಮ್ಮ ಮರಿಯನ್ನು ಮಡಿಲಿಗೆ ಹಾಕಿಕೊಂಡಳು. "ಆಕಿ ನಿನ್ನ ಊಟದ ಗಂಗಾಳಕ್ಕ ಕೈ ಹಾಕ್ಯಾಳೇನು?"

"ಇನ್ನಾ ಇಲ್ಲ."

"ಮತ್ತ ಈಗಿಂದ ಯಾಕ ಹೊಟ್ಟಿ ಹಿಡಕೊಂಡು ಕುಂತೀದಿ." ಅವಳು ಕುರಿಯನ್ನು ಕಟ್ಟಿ, ಒಂದು ಬಟ್ಟಲಿಗೆ ಹಾಲು ಕರೆದು, ಅರಿವೆಯ ಬತ್ತಿ ಮಾಡಿ ಮರಿಯ ಬಾಯಿಗಿಟ್ಟಳು. ಕುರಿ ಒಪ್ಪಲಿಲ್ಲ, ಮರಿ ಕುಡಿಯಿತು. ಕನಕರಾಯ ಅದನ್ನು ನೋಡಿದ, ಆದರೆ ಅವನ ಮನಸ್ಸು ರಾಯಚೂರಿನಲ್ಲಿತ್ತು.

ಜನವರಿಯಲ್ಲಿ ಗಂಜಿನ ತುಂಬ ಹತ್ತಿ ಅಂಡಿಗೆಗಳು ಬಂದು ಬಿದ್ದಾಗ ಸಂಘದವರು ದಿನ ಹೇಳಿದರು. ಕಂಪ್ಯೂಟರಿಗೆ ಕೌದಿ ಸುತ್ತಿ ತಳ್ಳುಬಂಡಿಯಲ್ಲಿ ಹಾಕಿಕೊಂಡು ಹೋದರು. ಹೊರಡುವ ಮೊದಲು ಸತ್ತಾರ್ ಸಾಬರು, "ಚಿತ್ರ ಇಲ್ಲ ಅಂದಂಗಾತು," ಎಂದು ನಿಟ್ಟುಸಿರು ಬಿಟ್ಟರು.

"ಚಿತ್ರ ಅದ ರೀ ಸಾಬ್," ಎಂದಳು ಅಸ್ಮತ್. "ಕೂಡ್ಸಾಕ ಬರಂಗಿಲ್ಲ ಅಷ್ಟ. ಹಳೇ ಪಾಸ್ಕಲ್ ಇದ್ದಾಗ ನಾ ಕಟ್ಟಿ ಮುಗ್ಸಿದ್ದು ಈಗ ಪಾಸ್ಕಲ್ ಇಲ್ದಾನೂ ತಾನ ಓಡ್ತದ. ಅಣ್ಣಾರು ಅಂಕಿ ಫೈಲಿಗಿ ಬರದ್ರ ಸಾಕು. ಅವರ ಫ್ಲಾಪಿ ತಗದು ನಂದು ಹಾಕಬೇಕಾಗ್ತದ, ಒಂದಿಷ್ಟು ತಡ."

ಕನಕರಾಯ ಪ್ರೋಗ್ರಾಂ ಬಚ್ಚಿಟ್ಟಿದ್ದರಿಂದಲೇ ಅವಳು ಬೇರೆಯಾಗಿ ಕಟ್ಟಿದ್ದಳು. ಪೂಜೆಗೆ ಇಡದಿದ್ದರಿಂದಲೇ ಆ ಫ್ಲಾಪಿ ಉಳಿದಿತ್ತು. ಅವಳಿಗೆ ಕೆಡುಕಾಗಲೆಂದು ಮಾಡಿದ್ದೆಲ್ಲ ಅವಳಿಗೆ ಕಾವಲಾಗಿ ನಿಂತಿತ್ತು. ಇನ್ನು ಅವನ ಕೈಯಲ್ಲಿ ಉಳಿದದ್ದು ಆ ಒಂದು ಗುಂಡಿ ಮಾತ್ರ. ಅದನ್ನು ಒತ್ತದಿದ್ದರೆ ಫೈಲ್ ಇಲ್ಲ, ಫೈಲ್ ಇಲ್ಲದಿದ್ದರೆ ಚಿತ್ರ ಇಲ್ಲ.

ಸಂಘದ ಕಚೇರಿಯಲ್ಲಿ ವರ್ತಕರು ಗಾದಿಯ ಮೇಲೆ ಲೋಡಿಗೆ ಒರಗಿ ಕುಳಿತಿದ್ದರು. ಕಾರ್ಯದರ್ಶಿ ಹನುಮಂತ್ರಾಯರು ಮುಂದೆ. ಕನಕರಾಯ ಅಂಕಿ ತೋರಿಸಿದ. ಕಳೆದ ಸುಗ್ಗಿಯ ದಿನ ದಿನದ ಆವಕ, ದಿನ ದಿನದ ಧಾರಣೆ, ಸಾಲು ಸಾಲಾಗಿ ಹಳದಿ ಅಕ್ಷರದಲ್ಲಿ ಮೇಲೇರಿದವು. ಮೊದಲು ಎಲ್ಲರೂ ಕತ್ತು ಚಾಚಿದರು. ಆಮೇಲೆ ಒಬ್ಬರು ಎಲೆ-ಅಡಿಕೆ ತಟ್ಟೆ ಎಳೆದುಕೊಂಡರು. ಇನ್ನೊಬ್ಬರು, "ಇದನ್ನ ನಮ್ಮ ಗುಮಾಸ್ತ ಕೈಲೇ ಬರೀತಾನಲ್ರಿ, ಕರೆಂಟ್ ಹೋದ್ರೂ ಬರೀತಾನ," ಎಂದರು. ನಗು ಎದ್ದಿತು. ಹನುಮಂತ್ರಾಯರು ಟೋಪಿ ಸರಿಮಾಡಿಕೊಂಡು ಏಳಲು ನೋಡಿದರು.

ಹಿಂದಿನ ಬಾಗಿಲ ಹತ್ತಿರ ನಿಂತಿದ್ದ ಅಸ್ಮತ್ ಮೆಲ್ಲಗೆ ಹೇಳಿದಳು: "ಅಣ್ಣಾರ, ಫೈಲ್ ಬರೀರಿ."

ಅವನ ಬೆರಳು ಗುಂಡಿಯ ಮೇಲೆ ನಿಂತಿತು. ಒತ್ತದೆ ಬಿಟ್ಟರೆ ಕುರ್ಚಿ ಇಬ್ಬರಿಗೂ ಇಲ್ಲ. ಅವಳಿಗೆ ಸಿಗದಿದ್ದರೆ ಅದೂ ಒಂದು ಸಮಾಧಾನವೇ. ಆದರೆ ಪರದೆಯ ಮೇಲಿದ್ದ ಅಂಕಿಗಳು ಅವನವು. ಬಿಸಿಲಲ್ಲಿ ಗಂಜಿಗೆ ತಿರುಗಿ ತಂದವು. ಅವುಗಳನ್ನು ಯಾರೂ ನೋಡದೆ ಎದ್ದುಹೋಗುತ್ತಿದ್ದಾರೆ ಎಂಬುದು ಅವಳ ಮೇಲಿನ ಹೊಟ್ಟೆಕಿಚ್ಚಿಗಿಂತ ಹೆಚ್ಚು ಸುಟ್ಟಿತು. ಅವನು ಒತ್ತಿದ. ಎದ್ದು ಪಕ್ಕಕ್ಕೆ ನಿಂತ.

ಅವಳು ಬಂದು, ಅಂಕಿ ಬರೆದ ಫ್ಲಾಪಿಯನ್ನು ಹಾಗೇ ಬಿಟ್ಟು, ಅವನ ಫ್ಲಾಪಿ ತೆಗೆದು ತನ್ನದು ಹಾಕಿದಳು. ಪರದೆ ಕಪ್ಪಾಯಿತು. ಎಡದಿಂದ ಬಲಕ್ಕೆ ಒಂದು ಗೆರೆ ಹೊರಟಿತು. ಏರಿತು, ಇನ್ನೂ ಏರಿತು, ಒಮ್ಮೆಲೇ ಕುಸಿಯಿತು.

"ತಡೀರಿ," ಎಂದರು ಎಲೆ-ಅಡಿಕೆ ಹಾಕಿದವರು. "ಇದು ಆ ಅಕಾಲದ ಮಳಿ ಬಿದ್ದ ವಾರ ಅಲ್ಲೇನು? ನನ್ನ ವರಲಕ್ಷ್ಮಿ ಎಲ್ಲಾ ತೋದದ್ದು?"

"ಹೌದ್ರಿ, ಅದ ವಾರ," ಎಂದ ಕನಕರಾಯ. ಅವರು ಅವನ ಕಡೆ ನೋಡಲಿಲ್ಲ. ಎಲ್ಲರೂ ಗಾದಿಯಿಂದ ಇಳಿದು ಪರದೆಯ ಸುತ್ತ ನಿಂತಿದ್ದರು. ಒಬ್ಬರು ಬೆರಳಿನಿಂದ ಗೆರೆಯನ್ನು ಹಿಂಬಾಲಿಸಿ, ತಾವು ಎಲ್ಲಿ ಮಾರಿದೆವು, ಎಲ್ಲಿ ತಡೆಯಬೇಕಾಗಿತ್ತು ಎಂದು ವಾದ ಹಚ್ಚಿದ್ದರು.

ಹನುಮಂತ್ರಾಯರು ಸತ್ತಾರ್ ಸಾಬರತ್ತ ತಿರುಗಿ, "ಮಶಿನ್ ತರಿಸ್ರಿ. ಈ ತಂಗಿ ಬರ್ಲಿ ನಮ್ಮಲ್ಲಿ," ಎಂದರು.

ಅಸ್ಮತ್ ಅಂದಳು: "ಗೆರಿ ಅಷ್ಟ ನಂದ್ರಿ. ಅಂಕಿ ಅಣ್ಣಾರ್ದು. ಅವರ್ದು ಸರಿ ಇದ್ದದ್ದಕ್ಕ ನಂದು ಸರಿ ಬಂತು."

"ಅಂಕಿ ಬರಿಯಾಕ ನಮ್ಮಲ್ಲಿ ಬಾಳ ಮಂದಿ ಅದಾರ," ಎಂದರು ಹನುಮಂತ್ರಾಯರು.

ಅವರ ಮಾತಿಗಿಂತ ಅವಳ ಮಾತು ಕನಕರಾಯನನ್ನು ಹೆಚ್ಚು ನೋಯಿಸಿತು. ಗೆದ್ದವರು ಕಸಿದುಕೊಂಡರೆ ಬೈಯಬಹುದು, ಹಂಚಿಕೊಡಲು ಬಂದರೆ ಏನು ಮಾಡುವುದು. ವಾಪಸು ಬರುವಾಗ ತಳ್ಳುಬಂಡಿಯ ಒಂದು ಕಡೆ ಅವನು, ಇನ್ನೊಂದು ಕಡೆ ಅವಳು ಕೌದಿ ಜಾರದಂತೆ ಹಿಡಿದು ನಡೆದರು. ಸ್ಟೇಷನ್ ರಸ್ತೆಯಲ್ಲಿ ಅವಳು ಕೇಳಿದಳು:

"ಅಣ್ಣಾರ, ನನ್ನ ಮ್ಯಾಲ ಸಿಟ್ಟಾಗೀರೇನು?"

"ಸಿಟ್ಟಲ್ರಿ," ಎಂದ ಅವನು. ಇನ್ನೂ ಸ್ವಲ್ಪ ದೂರ ನಡೆದು, "ಸಿಟ್ಟಾಗಿದ್ರ ಇಳೀತಿತ್ತು," ಎಂದ.

ಅವಳು ತಲೆಯಾಡಿಸಿದಳು. ಬಂಡಿ ಗುಂಡಿಗೆ ಇಳಿದಾಗ ಇಬ್ಬರೂ ಒಟ್ಟಿಗೇ ಕೈ ಚಾಚಿ ಯಂತ್ರವನ್ನು ಹಿಡಿದರು.

ಕನಕರಾಯ ಸತ್ತಾರ್ ಸಾಬರ ಕೋಣೆಯಲ್ಲಿ ಹುಡುಗರಿಗೆ ಪಾಸ್ಕಲ್ ಕಲಿಸುತ್ತಾನೆ. ಸಂಘದಲ್ಲಿ ಓಡುವ ಅಂಕಿಯ ಪ್ರೋಗ್ರಾಂ ಅವನದೇ ಆದ್ದರಿಂದ, ಏನಾದರೂ ತಪ್ಪಿದರೆ ಗಂಜಿನಿಂದ ಕರೆ ಬರುತ್ತದೆ. ಹೋದಾಗ ಮೊದಲು ಅವನು ನೋಡುವುದು, ಪರದೆಯ ಮೊದಲ ಸಾಲಿನಲ್ಲಿ ತಾನು ಬರೆದ ತನ್ನ ಹೆಸರು ಇನ್ನೂ ಇದೆಯೋ ಎಂದು. ಇರುತ್ತದೆ. ಅದನ್ನು ಅಳಿಸಲು ಅವಳಿಗೆ ಚೆನ್ನಾಗಿ ಬರುತ್ತದೆ ಎಂಬುದೂ ಅವನಿಗೆ ಗೊತ್ತು.

ಹೊಸ ಪಾಸ್ಕಲ್‌ಗೆ ಹೊಂದುವ ಟೂಲ್‌ಕಿಟ್ ಈವರೆಗೆ ಸಿಕ್ಕಿಲ್ಲ. ಅಸ್ಮತ್ ಈಗ ರಾಯಚೂರು ಗಂಜಿನ ಹತ್ತಿ ವರ್ತಕರ ಸಂಘದಲ್ಲಿ ಕಂಪ್ಯೂಟರ್ ಆಪರೇಟರ್. ದಿನಾ ಮಾನ್ವಿಯಿಂದ ಬಂದು ಹೋಗುತ್ತಾಳೆ. ಬೆಳಿಗ್ಗೆ ಕನಕರಾಯನ ಫ್ಲಾಪಿ ಹಾಕಿ ಅಂದಿನ ಧಾರಣೆ ತುಂಬುತ್ತಾಳೆ, ಮಧ್ಯಾಹ್ನ ಅದನ್ನು ತೆಗೆದು ತನ್ನದು ಹಾಕಿ ವರ್ತಕರಿಗೆ ಗೆರೆ ತೋರಿಸುತ್ತಾಳೆ.